ಅಮ್ಮನ ಹಸೆ ಹಾಡಿಗೆ ಯಾವ ಖಾಲಿ ಕ್ಯಾಸೆಟ್?

ಪ್ರಶ್ನೆ: ನಮ್ಮ ಮನೆ ತೀರ್ಥಹಳ್ಳಿ ಹತ್ತಿರ. ತಂದೆಯವರು 1980ರ ದಶಕದ ಕೊನೆಯಲ್ಲಿ ತಂದಿದ್ದ ಜಪಾನಿನ ಕ್ಯಾಸೆಟ್ ಡೆಕ್ ಅನ್ನು ಈಚೆಗೆ ರಿಪೇರಿ ಮಾಡಿಸಿದೆ, ಚೆನ್ನಾಗಿ ಓಡುತ್ತಿದೆ. ನಾರ್ಮಲ್, ಕ್ರೋಮ್, ಮೆಟಲ್ ಅಂತ ಸ್ವಿಚ್ ಇದೆ, ಮೈಕ್ ಜ್ಯಾಕ್ ಕೂಡ ಇದೆ. ಅಮ್ಮನಿಗೆ ಈಗ 78. ಅವರು ಹೇಳುವ ಹಸೆ ಹಾಡುಗಳನ್ನು ಅದೇ ಡೆಕ್‌ನಲ್ಲಿ ಕ್ಯಾಸೆಟ್‌ಗೆ ಹಿಡಿದಿಡಬೇಕು ಅಂತ ಆಸೆ. ಎಫ್‌ಎಂನಲ್ಲಿ ಬರುವ ಕಛೇರಿಗಳನ್ನೂ ರೆಕಾರ್ಡ್ ಮಾಡಿಕೊಳ್ಳುವ ಮನಸ್ಸಿದೆ. ಮನೆಯಲ್ಲಿ ಹಳೆಯ ಟಿಡಿಕೆ ಡಿ-90 ಮೂರು, ಸೋನಿ ಎಚ್‌ಎಫ್-60 ಒಂದು, ಮೆಲ್‌ಟ್ರ್ಯಾಕ್ ಮತ್ತು ಟಿ-ಸೀರೀಸ್ ಕೆಲವು ಸಿಕ್ಕಿವೆ. ಆನ್‌ಲೈನ್‌ನಲ್ಲಿ ಮ್ಯಾಕ್ಸೆಲ್ ಯುಆರ್ ಹೊಸದು ಸಿಗುತ್ತದೆ. ಟಿಡಿಕೆ ಎಸ್‌ಎ, ಮ್ಯಾಕ್ಸೆಲ್ ಎಕ್ಸ್‌ಎಲ್-2 ಸೀಲ್ ಒಡೆಯದವು ವಿಪರೀತ ರೇಟಿಗೆ ಇವೆ. ಯಾವ ಬ್ರ್ಯಾಂಡ್ ತಗೊಳ್ಳಲಿ?

ಉತ್ತರ: ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ಅಮ್ಮನ ಹಾಡಿಗೆ ಹೊಸ ಮ್ಯಾಕ್ಸೆಲ್ ಯುಆರ್-60 ತಗೊಳ್ಳಿ. ಒಂದೆರಡಲ್ಲ, ಒಂದೇ ಸಲ ಹತ್ತು ತಗೊಳ್ಳಿ. ಎಫ್‌ಎಂ ಕಛೇರಿಗೆ ಒಂದೇ ಒಂದು ಎಸ್‌ಎ ಅಥವಾ ಎಕ್ಸ್‌ಎಲ್-2 ತರಿಸಿ, ನಿಮ್ಮ ಡೆಕ್‌ಗೆ ಅದು ಹೊಂದುತ್ತದಾ ನೋಡಿ, ಆಮೇಲೆ ಉಳಿದದ್ದು. ಮನೆಯಲ್ಲಿರುವ ಹಳೆಯವನ್ನು ಸದ್ಯಕ್ಕೆ ಡೆಕ್‌ಗೆ ಹಾಕಬೇಡಿ. ಏಕೆ ಅಂತ ಕೊನೆಗೆ ಹೇಳುತ್ತೇನೆ.

ನಾನು 1986ರಿಂದ ಡೆಕ್ ರಿಪೇರಿ ಮಾಡುತ್ತಿದ್ದೇನೆ. ಈ ಪ್ರಶ್ನೆಯನ್ನು ಆಗಲೂ ಕೇಳುತ್ತಿದ್ದರು, ಈಗಲೂ ಕೇಳುತ್ತಾರೆ: ಟಿಡಿಕೆ ಒಳ್ಳೆಯದೋ, ಸೋನಿಯೋ? ಪ್ರತಿ ಸಲ ನಾನು ಮರಳಿ ಕೇಳುವುದು ಒಂದೇ. ನಿಮ್ಮ ಡೆಕ್ ಯಾವುದು? ಕ್ಯಾಸೆಟ್ ಅನ್ನುವುದು ಅರ್ಧ ಮಾತ್ರ, ಇನ್ನರ್ಧ ಡೆಕ್. ಎರಡಕ್ಕೂ ಕೂಡಿಬರಬೇಕು.

ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ರೆಕಾರ್ಡ್ ಮಾಡುವಾಗ ಡೆಕ್ ನಿಮ್ಮ ಧ್ವನಿಯ ಜೊತೆಗೆ ಕಿವಿಗೆ ಕೇಳದಷ್ಟು ಮೇಲಿನ ಇನ್ನೊಂದು ಸಿಗ್ನಲ್ ಅನ್ನೂ ರೀಲಿಗೆ ಕಳಿಸುತ್ತದೆ. ಅದಕ್ಕೆ ಬಯಾಸ್ ಅಂತ ಹೆಸರು. ಅದು ಇಲ್ಲದಿದ್ದರೆ ರೀಲಿನ ಮೇಲೆ ಧ್ವನಿ ಒರಟೊರಟಾಗಿ ಕೂರುತ್ತದೆ. ಎಷ್ಟು ಬಯಾಸ್ ಬೇಕು ಅನ್ನುವುದು ರೀಲಿನ ಲೇಪದ ಮೇಲೆ ನಿಂತಿದೆ. ನಾರ್ಮಲ್ ಅಂದರೆ ಟೈಪ್ 1, ಕಬ್ಬಿಣದ ಆಕ್ಸೈಡ್ ಬಳಿದ ಕಂದು ರೀಲು. ಇದಕ್ಕೆ ಬೇಕಾದ್ದನ್ನು 100 ಅಂತ ಇಟ್ಟುಕೊಂಡರೆ ಕ್ರೋಮ್ ಅನ್ನುವ ಟೈಪ್ 2ಕ್ಕೆ ಸುಮಾರು 150, ಮೆಟಲ್ ಅನ್ನುವ ಟೈಪ್ 4ಕ್ಕೆ ಸುಮಾರು 250 ಬೇಕು. ನಿಮ್ಮ ಡೆಕ್‌ನ ಸ್ವಿಚ್ ಮಾಡುವುದು ಇದನ್ನೇ. ಆದರೆ ಒಂದೇ ಟೈಪಿನ ಒಳಗೂ ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಅಷ್ಟಿಷ್ಟು ಹೆಚ್ಚುಕಮ್ಮಿ ಇರುತ್ತದೆ. ಬಯಾಸ್ ಜಾಸ್ತಿಯಾದರೆ ಧ್ವನಿ ಕಂಬಳಿ ಹೊದ್ದ ಹಾಗೆ ಮಂಕಾಗುತ್ತದೆ. ಕಡಿಮೆಯಾದರೆ 'ಸ', 'ಶ'ಗಳು ಚುಚ್ಚುತ್ತವೆ, ಗಟ್ಟಿಯಾಗಿ ಹಾಡಿದ ಕಡೆ ಒಡಕು ಕೇಳುತ್ತದೆ. ಕ್ಯಾಸೆಟ್ ಕೆಟ್ಟದ್ದು ಅಂತ ಎಷ್ಟೋ ಜನ ಬಿಸಾಡಿದ್ದು ಈ ಹೊಂದಾಣಿಕೆ ತಪ್ಪಿದ ಒಳ್ಳೆಯ ಕ್ಯಾಸೆಟ್‌ಗಳನ್ನೇ.

ಈಗ ಬ್ರ್ಯಾಂಡ್‌ಗಳಿಗೆ ಬರೋಣ.

ಟಿಡಿಕೆ ಅಂದರೆ ಟೋಕಿಯೋ ಡೆಂಕಿ ಕಗಾಕು. 1935ರಲ್ಲಿ ಫೆರೈಟ್ ಮಾಡಲು ಶುರುವಾದ ಕಂಪನಿ, ಕಾಂತದ ವಸ್ತು ಅವರ ಮನೆಯ ವಿದ್ಯೆ. 1975ರಲ್ಲಿ ಅವರು ಎಸ್‌ಎ ತಂದರು. ಅದು ಹೆಸರಿಗಷ್ಟೇ 'ಕ್ರೋಮ್' ಸ್ಥಾನದ್ದು, ಒಳಗೆ ಕ್ರೋಮ್ ಇಲ್ಲ. ಕಬ್ಬಿಣದ ಆಕ್ಸೈಡಿನ ಕಣಗಳಿಗೆ ಕೋಬಾಲ್ಟ್ ಸೇರಿಸಿ ಮಾಡಿದ್ದು. ಇದು ಎಷ್ಟು ಹಿಡಿಸಿತು ಅಂದರೆ ಜಪಾನಿನ ಡೆಕ್ ತಯಾರಕರಲ್ಲಿ ಎಷ್ಟೋ ಮಂದಿ ಕ್ರೋಮ್ ಸ್ವಿಚ್ ಅನ್ನು ಎಸ್‌ಎಗೆ ಹೊಂದುವ ಹಾಗೆ ಫ್ಯಾಕ್ಟರಿಯಲ್ಲೇ ಕೂರಿಸಿ ಕಳಿಸುತ್ತಿದ್ದರು. ಡೆಕ್ ಕಂಪನಿ ನಕಾಮಿಚಿ ತನ್ನ ಹೆಸರಿನಲ್ಲಿ ಮಾರುತ್ತಿದ್ದ ಎಸ್‌ಎಕ್ಸ್ ಕ್ಯಾಸೆಟ್ ಕೂಡ ಟಿಡಿಕೆ ಮಾಡಿಕೊಟ್ಟಿದ್ದು. ನಿಮ್ಮದು ಆ ಕಾಲದ ಜಪಾನಿ ಡೆಕ್, ಹಾಗಾಗಿ ಎಸ್‌ಎ ಹೊಂದುವ ಸಾಧ್ಯತೆ ಜಾಸ್ತಿ. ಡೆಕ್‌ನ ಮ್ಯಾನ್ಯುಯಲ್ ಎಲ್ಲಾದರೂ ಉಳಿದಿದ್ದರೆ ಹುಡುಕಿ. ಕೊನೆಯ ಪುಟಗಳಲ್ಲಿ ಯಾವ ಕ್ಯಾಸೆಟ್‌ಗಳು ಹೊಂದುತ್ತವೆ ಅಂತ ಪಟ್ಟಿ ಇರುವುದುಂಟು. ನಾನು ಹೇಳುವುದಕ್ಕಿಂತ ಆ ಪಟ್ಟಿ ಮೇಲು.

ಟಿಡಿಕೆ ಡಿ ಅವರ ದಿನಬಳಕೆಯ ಟೈಪ್ 1. ಎಡಿ ಅದರ ಅಕ್ಕ, ಮೇಲಿನ ಸ್ವರಗಳು ಇನ್ನಷ್ಟು ತೆರೆದುಕೊಳ್ಳುತ್ತವೆ. ಎಂಎ ಮೆಟಲ್. ಎಂಎ-ಆರ್ ಅಂತ ಒಂದಿತ್ತು, ಅಚ್ಚೊತ್ತಿದ ಲೋಹದ ಚೌಕಟ್ಟಿನದು, ಕೈಯಲ್ಲಿ ಹಿಡಿದರೆ ಭಾರ ಗೊತ್ತಾಗುತ್ತಿತ್ತು. ಮೆಟಲ್ ಕ್ಯಾಸೆಟ್ ನಿಮಗೆ ಬೇಡ. ಒಂಟಿ ಗಂಟಲಿನ ಹಾಡಿಗೆ ಅದರ ಶಕ್ತಿ ಖರ್ಚೇ ಆಗುವುದಿಲ್ಲ, ದುಡ್ಡು ಮಾತ್ರ ಖರ್ಚಾಗುತ್ತದೆ.

ಮ್ಯಾಕ್ಸೆಲ್‌ನ ಎಕ್ಸ್‌ಎಲ್-2 ಎಸ್‌ಎಗೆ ಸರಿಸಮಾನ. ಇದೂ ಕೋಬಾಲ್ಟಿನದೇ. ಒಂದರ ಬದಲು ಇನ್ನೊಂದು ಹಾಕಿದರೆ ಬಹುತೇಕ ಡೆಕ್‌ಗಳಲ್ಲಿ ವ್ಯತ್ಯಾಸ ಕಂಡುಹಿಡಿಯುವುದು ಕಷ್ಟ. ಎರಡರಲ್ಲಿ ಯಾವುದು ಕಡಿಮೆ ಬೆಲೆಗೆ ಸಿಗುತ್ತದೋ ಅದನ್ನು ತಗೊಳ್ಳಿ. ಮ್ಯಾಕ್ಸೆಲ್‌ನಲ್ಲಿ ನನಗೆ ಇಷ್ಟವಾದ ಒಂದು ಚಿಕ್ಕ ವಿಷಯ ಇದೆ. ರೀಲಿನ ಶುರುವಿಗೆ ಲೇಪ ಇಲ್ಲದ ಒಂದು ಪಟ್ಟಿ ಇರುತ್ತದಲ್ಲ, ಎಕ್ಸ್‌ಎಲ್-2ರಲ್ಲಿ ಅದರ ಮೇಲೆ ಗುರುತು ಹಾಕಿರುತ್ತಾರೆ. ಆ ಗುರುತಿನಿಂದ 5 ಸೆಕೆಂಡಿಗೆ ರೆಕಾರ್ಡ್ ಆಗುವ ಜಾಗ ಶುರು. ಪಟ್ಟಿಯೇ ಹೆಡ್ ಅನ್ನು, ಅಂದರೆ ರೀಲಿನ ಮೇಲೆ ಧ್ವನಿ ಬರೆಯುವ, ಓದುವ ಡೆಕ್‌ನ ಭಾಗವನ್ನು, ಮೆಲ್ಲಗೆ ಒರೆಸಿಕೊಂಡೂ ಹೋಗುತ್ತದೆ. ಹಾಡಿನ ಮೊದಲ ಅಕ್ಷರ ನುಂಗಿಹೋಗದಿರಲು ಇಂಥದ್ದು ಬಹಳ ಸಹಾಯ.

ಇನ್ನು ನಾನು ನಿಮಗೆ ಹೇಳಿದ ಯುಆರ್. ಇದು ಮ್ಯಾಕ್ಸೆಲ್‌ನ ಸಾದಾ ಟೈಪ್ 1. ಹಳೆಯ ಎಸ್‌ಎ ಜೊತೆ ಇಟ್ಟು ಕೇಳಿದರೆ ಹಿಂದಿನ ಹಿಸ್ ಸದ್ದು ಜಾಸ್ತಿ, ಮೇಲಿನ ಸ್ವರಗಳ ಹೊಳಪು ಕಡಿಮೆ. ಅದನ್ನು ಮುಚ್ಚಿಡುವುದಿಲ್ಲ. ಆದರೆ ಹೊಸದು. ಮೂವತ್ತು ವರ್ಷ ಯಾರದೋ ಗೋದಾಮಿನಲ್ಲಿ ಬಿಸಿಲು, ತೇವ ಕುಡಿದು ಬಂದದ್ದಲ್ಲ. ಹತ್ತು ತಗೊಂಡರೆ ಹತ್ತೂ ಒಂದೇ ಥರ ಇರುತ್ತವೆ. ಅಮ್ಮನ ಧ್ವನಿಗೆ ನನಗೆ ಆ ನಂಬಿಕೆ ಮುಖ್ಯ.

ಸೋನಿ ಎಚ್‌ಎಫ್ ಗಟ್ಟಿಮುಟ್ಟಾದ ಟೈಪ್ 1. ಗಲ್ಫ್‌ನಿಂದ ಬರುವವರ ಸೂಟ್‌ಕೇಸಿನಲ್ಲಿ ಟಿಡಿಕೆ ಡಿ ಜೊತೆ ಇದೂ ಇರುತ್ತಿತ್ತು. ಯುಎಕ್ಸ್ ಅವರ ಟೈಪ್ 2. ಜರ್ಮನಿಯ ಬಿಎಎಸ್‌ಎಫ್ ವಿಷಯ ಬೇರೆ. ಕಾಂತದ ಟೇಪನ್ನು ಮೊದಲು ದೊಡ್ಡದಾಗಿ ಮಾಡಿದವರು ಅವರು, 1930ರ ದಶಕದಲ್ಲಿ. ಅವರ ಕ್ರೋಮ್ ಕ್ಯಾಸೆಟ್‌ನಲ್ಲಿ ನಿಜವಾದ ಕ್ರೋಮಿಯಂ ಡೈಆಕ್ಸೈಡ್ ಇರುತ್ತಿತ್ತು. ಹಿಸ್ ಬಹಳ ಕಡಿಮೆ. ಆದರೆ ಎಸ್‌ಎಗೆ ಕೂರಿಸಿದ ಜಪಾನಿ ಡೆಕ್‌ಗೆ ಇದನ್ನು ಹಾಕಿದರೆ ಬಯಾಸ್ ಜಾಸ್ತಿಯಾಗಿ ಮಂಕಾಗುತ್ತದೆ. ಯುರೋಪಿನ ಡೆಕ್ ಇದ್ದವರು ಇದನ್ನೇ ಹೊಗಳುವುದು, ನಮ್ಮವರು ತೆಗಳುವುದು ಇದೇ ಕಾರಣಕ್ಕೆ. ಇಬ್ಬರ ಮಾತೂ ನಿಜ.

ಮೆಲ್‌ಟ್ರ್ಯಾಕ್, ಟಿ-ಸೀರೀಸ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ವಿದೇಶಿ ಕ್ಯಾಸೆಟ್ ಕೈಗೆಟುಕದ ಕಾಲದಲ್ಲಿ ಮಧ್ಯಮ ವರ್ಗದ ಮನೆಯಲ್ಲಿ ಧ್ವನಿ ಉಳಿದಿದ್ದರೆ ಅದು ಇಂಥ ಕ್ಯಾಸೆಟ್‌ಗಳಿಂದ. ಮಗುವಿನ ಮೊದಲ ತೊದಲು, ಮದುವೆ ಮನೆಯ ಹಾಡು, ತಾತನ ಭಾಷಣ ಎಲ್ಲ ಅದರಲ್ಲೇ. ರೆಕಾರ್ಡಿಂಗ್ ಅಂಗಡಿಗೆ ಹಾಡಿನ ಪಟ್ಟಿ ಬರೆದುಕೊಟ್ಟು, ವಾರ ಬಿಟ್ಟು ಹೋಗಿ ತರುತ್ತಿದ್ದೆವಲ್ಲ, ಆಗಲೂ 'ಯಾವುದರಲ್ಲಿ ಹಾಕ್ಲಿ' ಅಂತ ಅಂಗಡಿಯವರು ಕೇಳುತ್ತಿದ್ದದ್ದು ಇವುಗಳ ಹೆಸರನ್ನೇ. ಹಾಗಾಗಿ ಅವನ್ನು ಕೀಳು ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ತೊಂದರೆ ಎಲ್ಲಿ ಅಂದರೆ, ಆ ಕಾಲದಲ್ಲಿ ಹೆಸರಾಂತ ಬ್ರ್ಯಾಂಡ್‌ಗಳ ಲೇಬಲ್ ಹಚ್ಚಿ ನಕಲಿ ಮಾಲು ಧಾರಾಳವಾಗಿ ಬರುತ್ತಿತ್ತು. ದೊಡ್ಡ ಸುರುಳಿಯಲ್ಲಿ ಬಂದ ಅಗ್ಗದ ರೀಲನ್ನು ಖಾಲಿ ಡಬ್ಬಿಗೆ ಸುತ್ತಿ, ಮೇಲೆ ಹೆಸರು ಅಂಟಿಸಿದರೆ ಆಯಿತು. ಇದು ಸ್ವದೇಶಿ ಬ್ರ್ಯಾಂಡಿಗೂ ಆಯಿತು, ಟಿಡಿಕೆ, ಸೋನಿಗೂ ಆಯಿತು. ಹಾಗಾಗಿ ಹಳೆಯ ಕ್ಯಾಸೆಟ್‌ನ ಲೇಬಲ್ ನೋಡಿ ಒಳಗಿನ ರೀಲಿನ ಗುಣ ಹೇಳಲು ಬರುವುದಿಲ್ಲ.

ಒಂದು ಕ್ಯಾಸೆಟ್ ಬಿಚ್ಚಿ ನೋಡಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಒಳ್ಳೆಯ ಡಬ್ಬಿಗೆ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು, ಹೀಗೆ ಐದು ಸಣ್ಣ ಸ್ಕ್ರೂ. ಬಿಚ್ಚಿ ಮೇಲಿನ ಮುಚ್ಚಳ ಎತ್ತಿದರೆ ಮೊದಲು ಸಿಗುವುದು ತೆಳ್ಳನೆಯ, ಜಾರುವ ಹಾಳೆ. ರೀಲಿನ ಸುತ್ತು ಡಬ್ಬಿಗೆ ಉಜ್ಜದಿರಲು ಅದು ಬೇಕು. ಅಗ್ಗದ್ದರಲ್ಲಿ ಅದು ಬರೀ ಕಾಗದ, ಕೆಲವದರಲ್ಲಿ ಇರುವುದೇ ಇಲ್ಲ. ಮುಂದಿನ ಎರಡು ಮೂಲೆಯಲ್ಲಿ ಪುಟ್ಟ ಗಾಲಿಗಳು. ಒಳ್ಳೆಯದ್ದರಲ್ಲಿ ಲೋಹದ ಕಡ್ಡಿಯ ಮೇಲೆ ತಿರುಗುತ್ತವೆ, ಅಗ್ಗದ್ದರಲ್ಲಿ ಪ್ಲಾಸ್ಟಿಕ್ ಗೂಟದ ಮೇಲೆ. ಮಧ್ಯದಲ್ಲಿ ತೆಳು ಲೋಹದ ಸ್ಪ್ರಿಂಗು, ಅದರ ಮೇಲೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಫೆಲ್ಟ್ ತುಂಡು. ರೀಲನ್ನು ಹೆಡ್‌ಗೆ ಒತ್ತಿಹಿಡಿಯುವುದು ಇದೇ. ಇದರ ಅಂಟು ಒಣಗಿ ಫೆಲ್ಟ್ ಉದುರಿದರೆ ಎಂಥ ಬ್ರ್ಯಾಂಡ್ ಆದರೂ ಧ್ವನಿ ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತದೆ. ಹಳೆಯ ಕ್ಯಾಸೆಟ್‌ಗಳಲ್ಲಿ ನಾನು ಅತಿ ಹೆಚ್ಚು ಸರಿಮಾಡಿರುವುದು ಇದನ್ನೇ.

ಉದ್ದದ ವಿಷಯದಲ್ಲಿ ನಾನು ಬ್ರ್ಯಾಂಡಿಗಿಂತ ಜಾಸ್ತಿ ಹಟ ಮಾಡುತ್ತೇನೆ. ಡಬ್ಬಿ ಅಷ್ಟೇ ದೊಡ್ಡದು, ಹೆಚ್ಚು ಹೊತ್ತು ಬೇಕು ಅಂದರೆ ರೀಲು ತೆಳುವಾಗಬೇಕು. 60 ನಿಮಿಷದ್ದು ಸುಮಾರು 18 ಮೈಕ್ರಾನ್ ದಪ್ಪ, 90 ನಿಮಿಷದ್ದು ಸುಮಾರು 12, 120 ನಿಮಿಷದ್ದು ಸುಮಾರು 9. 1990ರ ದಶಕದಲ್ಲಿ ನನ್ನ ಅಕ್ಕನ ಮದುವೆಯ ಶಾಸ್ತ್ರದ ಹಾಡುಗಳನ್ನು ನಾನೇ 120ರ ಕ್ಯಾಸೆಟ್‌ಗೆ ರೆಕಾರ್ಡ್ ಮಾಡಿದೆ. ಮಧ್ಯೆ ಕ್ಯಾಸೆಟ್ ತಿರುಗಿಸುವ ಗೋಜು ಬೇಡ ಅಂತ. ಎರಡನೇ ಸಲ ಕೇಳುವಾಗ ರೀಲು ಪಿಂಚ್ ರೋಲರಿಗೆ, ಅಂದರೆ ಅದನ್ನು ಒತ್ತಿ ಎಳೆಯುವ ಡೆಕ್‌ನ ರಬ್ಬರ್ ಗಾಲಿಗೆ, ಸುತ್ತಿಕೊಂಡಿತು. ಬಿಡಿಸಿ, ಪೆನ್ಸಿಲ್ ಹಾಕಿ ಸುತ್ತಿದೆ. ಸುಕ್ಕಾದ ಆ ಜಾಗದಲ್ಲಿ ನಮ್ಮ ಸೋದರತ್ತೆಯ ಹಾಡಿನ ಎರಡು ಸಾಲು ಇವತ್ತಿಗೂ ಸರಿಯಾಗಿ ಕೇಳಿಸುವುದಿಲ್ಲ. ಆ ಹಾಡು ಅವರಿಗೆ ಬಿಟ್ಟು ಬೇರೆಯವರಿಗೆ ಬರುತ್ತಿರಲಿಲ್ಲ. ದಯವಿಟ್ಟು 120 ಮುಟ್ಟಬೇಡಿ.

ನಿಮಗೆ 90 ಅಲ್ಲದೆ 60 ಹೇಳಿದ್ದಕ್ಕೆ ಇನ್ನೊಂದು ಕಾರಣ ಇದೆ. ಅದು ಒಂಟಿ ಧ್ವನಿಗೆ ಮಾತ್ರ ಸಂಬಂಧಿಸಿದ್ದು. ರೀಲು ಸುತ್ತಿ ಕೂತಾಗ ಒಂದು ಸುತ್ತಿನ ಕಾಂತ ಪಕ್ಕದ ಸುತ್ತಿಗೆ ಸ್ವಲ್ಪ ಅಂಟುತ್ತದೆ. ರೀಲು ತೆಳುವಾದಷ್ಟೂ ಜಾಸ್ತಿ ಅಂಟುತ್ತದೆ. ಆರ್ಕೆಸ್ಟ್ರಾ ಇದ್ದರೆ ಇದು ಮುಚ್ಚಿಹೋಗುತ್ತದೆ. ಆದರೆ ಅಮ್ಮ ಒಬ್ಬರೇ ಹಾಡುತ್ತಾರೆ, ಸಾಲು ಮುಗಿಸಿ ಉಸಿರು ತಗೊಳ್ಳುತ್ತಾರೆ, ಮುಂದಿನ ಸಾಲು ನೆನಪು ಮಾಡಿಕೊಳ್ಳುತ್ತಾರೆ. ಆ ಮೌನದಲ್ಲಿ, ಮುಂದಿನ ಸಾಲು ಬರುವ ಒಂದೂವರೆಯಿಂದ ಮೂರು ಸೆಕೆಂಡು ಮುಂಚೆ, ಅದೇ ಸಾಲು ದೂರದಿಂದ ಪಿಸುಗುಟ್ಟಿದ ಹಾಗೆ ಕೇಳುತ್ತದೆ. ಮೊದಲ ಸಲ ಕೇಳಿದವರು ಡೆಕ್ ಕೆಟ್ಟಿದೆ ಅಂತ ನನ್ನ ಹತ್ತಿರ ತರುತ್ತಾರೆ. ದಪ್ಪ ರೀಲಿನಲ್ಲಿ ಇದು ಕಡಿಮೆ. ಕಛೇರಿಗೆ 90 ಧಾರಾಳವಾಗಿ ಬಳಸಿ. ಒಂದು ಸೈಡಿಗೆ 45 ನಿಮಿಷ ಸಿಗುತ್ತದೆ, ರಾಗ ಅರ್ಧಕ್ಕೆ ಕಡಿಯುವುದು ತಪ್ಪುತ್ತದೆ.

ಟೈಪ್ 2ರಲ್ಲಿ ಹಿಸ್ ಕಡಿಮೆ ಅಂದೆನಲ್ಲ, ಲೆಕ್ಕದಲ್ಲಿ ಅದು ಸುಮಾರು 4 ಡೆಸಿಬೆಲ್. ಹಾಗಾದರೆ ಅಮ್ಮನಿಗೂ ಎಸ್‌ಎ ಏಕೆ ಬೇಡ ಅಂತ ಕೇಳಬಹುದು. ಅಸಲಿ, ಚೆನ್ನಾಗಿ ಇಟ್ಟ ಎಸ್‌ಎ-60 ಸಿಕ್ಕರೆ ನನ್ನ ತಕರಾರಿಲ್ಲ. ಆದರೆ ಮಲೆನಾಡಿನ ಮನೆಯಲ್ಲಿ ರೆಕಾರ್ಡ್ ಮಾಡುವಾಗ ಹೆಂಚಿನ ಮೇಲಿನ ಮಳೆ, ಜೀರುಂಡೆ, ಫ್ಯಾನು, ಪಕ್ಕದ ಕೋಣೆಯ ಫ್ರಿಜ್ಜು ಇವೆಲ್ಲ ಆ 4 ಡೆಸಿಬೆಲ್‌ಗಿಂತ ಎಷ್ಟೋ ಜಾಸ್ತಿ ಸದ್ದು ಮಾಡುತ್ತವೆ. ಫ್ಯಾನ್ ಆರಿಸಿ, ಫ್ರಿಜ್ಜಿನ ಸ್ವಿಚ್ ಅರ್ಧ ಗಂಟೆ ತೆಗೆದಿಡಿ. ಮೈಕನ್ನು ಬಾಯಿಗೆ ನೇರ ಹಿಡಿಯದೆ ಒಂದು ಗೇಣು ಪಕ್ಕಕ್ಕೆ ಇಡಿ. ಇಷ್ಟರಿಂದ ಸಿಗುವ ಲಾಭ ಯಾವ ದುಬಾರಿ ಕ್ಯಾಸೆಟ್‌ನಿಂದಲೂ ಸಿಗುವುದಿಲ್ಲ.

ಡಾಲ್ಬಿ ಬಟನ್ ಬಗ್ಗೆಯೂ ಹೇಳಿಬಿಡುತ್ತೇನೆ. ಡಾಲ್ಬಿ ಬಿ ಹಿಸ್ ಅನ್ನು ಸುಮಾರು 10 ಡೆಸಿಬೆಲ್ ಇಳಿಸುತ್ತದೆ. ಆದರೆ ರೆಕಾರ್ಡ್ ಮಾಡುವಾಗ ಹಾಕಿದ್ದರೆ ಕೇಳುವಾಗಲೂ ಬೇಕು. ಈಗ ಬರುವ ಹೊಸ ಪ್ಲೇಯರ್‌ಗಳಲ್ಲಿ ಡಾಲ್ಬಿ ಸಿಗುವುದು ಕಷ್ಟ. ನಾಳೆ ನಿಮ್ಮ ಡೆಕ್ ನಿಂತು, ಮೊಮ್ಮಕ್ಕಳು ಬೇರೆ ಯಂತ್ರದಲ್ಲಿ ಕೇಳುವಾಗ ಧ್ವನಿ ಕರ್ಕಶವಾಗುತ್ತದೆ. ಅಮ್ಮನ ಹಾಡಿಗೆ ಡಾಲ್ಬಿ ಬೇಡ, ಲೆವೆಲ್ ಸ್ವಲ್ಪ ಮೇಲಿಡಿ, ಸಾಕು. ಎಫ್‌ಎಂಗೆ ಬೇಕಾದರೆ ಹಾಕಿ. ಆಗ ಎಂಪಿಎಕ್ಸ್ ಅಂತ ಸ್ವಿಚ್ ಇದ್ದರೆ ಅದನ್ನೂ ಆನ್ ಮಾಡಿ. ಎಫ್‌ಎಂ ಸ್ಟೀರಿಯೋದಲ್ಲಿ 19 ಕಿಲೋಹರ್ಟ್ಜ್‌ನ ಒಂದು ಸಿಗ್ನಲ್ ಸೇರಿರುತ್ತದೆ, ಅದು ಡಾಲ್ಬಿಯನ್ನು ದಾರಿ ತಪ್ಪಿಸುತ್ತದೆ.

ಹೊಸ ಕ್ಯಾಸೆಟ್ ನಿಮ್ಮ ಡೆಕ್‌ಗೆ ಹೊಂದುತ್ತದಾ ಅಂತ ಮನೆಯಲ್ಲೇ ನೋಡುವ ಕ್ರಮ ಹೀಗೆ. ರೇಡಿಯೋವನ್ನು ಯಾವ ಸ್ಟೇಷನ್ನೂ ಇಲ್ಲದ ಜಾಗಕ್ಕೆ ತಿರುಗಿಸಿ. ಬರೀ 'ಶ್ಶ್' ಅಂತ ಬರುತ್ತದಲ್ಲ, ಅದನ್ನು ಡಾಲ್ಬಿ ಇಲ್ಲದೆ ಒಂದು ನಿಮಿಷ ರೆಕಾರ್ಡ್ ಮಾಡಿ. ಲೆವೆಲ್ ಬಹಳ ಕೆಳಗಿರಲಿ, ಮೀಟರ್‌ನಲ್ಲಿ ಮೈನಸ್ 20ರ ಹತ್ತಿರ. ಮೇಲಿಟ್ಟರೆ ಕ್ಯಾಸೆಟ್ ತಾನಾಗಿಯೇ ಮಂಕಾಗುತ್ತದೆ, ಪರೀಕ್ಷೆ ಸುಳ್ಳಾಗುತ್ತದೆ. ಈಗ ರೇಡಿಯೋದ ಶ್ಶ್ ಮತ್ತು ಕ್ಯಾಸೆಟ್‌ನ ಶ್ಶ್ ಎರಡನ್ನೂ ಒಂದೇ ವಾಲ್ಯೂಮಿನಲ್ಲಿ ಒಂದಾದ ಮೇಲೊಂದು ಕೇಳಿ. ಎರಡೂ ಒಂದೇ ಥರ ಇದ್ದರೆ ಕೂಡಿಬಂತು. ಕ್ಯಾಸೆಟ್‌ನದು 'ಫ್ಫ್' ಅಂತ ಮಂಕಾದರೆ ಬಯಾಸ್ ಜಾಸ್ತಿ, 'ಸ್ಸ್' ಅಂತ ಚುರುಕಾದರೆ ಕಡಿಮೆ. ಡೆಕ್ ಮೇಲೆ ಬಯಾಸ್ ತಿರುಗಣೆ ಇದ್ದರೆ ಸರಿಮಾಡಿಕೊಳ್ಳಿ, ಇಲ್ಲದಿದ್ದರೆ ಬ್ರ್ಯಾಂಡ್ ಬದಲಿಸಿ. ಇದಕ್ಕೆ ಮುಂಚೆ ಹೆಡ್ ಮತ್ತು ರೋಲರ್ ಒರೆಸಿರಬೇಕು. ಕೊಳೆ ಹೆಡ್‌ನಲ್ಲಿ ಎಲ್ಲ ಬ್ರ್ಯಾಂಡೂ ಮಂಕೇ.

ದುಬಾರಿ ಎಸ್‌ಎ ತರಿಸುವಾಗ ಫೋಟೋ ಕೇಳಿ. ಅಕ್ಷರಗಳ ಅಂಚು ಚೂಪಾಗಿರಬೇಕು. ಹಿಂದಿನ ಅಂಚಿನಲ್ಲಿ, ಅಳಿಸದಂತೆ ಕಾಯುವ ಪುಟ್ಟ ಕಿವಿಗಳ ಪಕ್ಕದಲ್ಲಿ, ಇನ್ನೊಂದು ಜೋಡಿ ಕಚ್ಚು ಇರಬೇಕು. ಅದು ಟೈಪ್ 2ರ ಗುರುತು. ಕಚ್ಚು ಇಲ್ಲದೆ ಎಸ್‌ಎ ಅಂತ ಬರೆದಿದ್ದರೆ ಅನುಮಾನ ಪಡಿ. ಸ್ವಿಚ್ ಇಲ್ಲದ ಡೆಕ್‌ಗಳು ಟೈಪ್ ಗುರುತಿಸುವುದು ಈ ಕಚ್ಚಿನಿಂದಲೇ. ಹಾಗಾಗಿ ಕಿವಿ ಮುರಿದ ಕ್ಯಾಸೆಟ್‌ಗೆ ಸೆಲ್ಲೋ ಟೇಪ್ ಅಂಟಿಸುವಾಗ ಪಕ್ಕದ ಕಚ್ಚನ್ನು ಮುಚ್ಚಬಾರದು.

ಈಗ ಮನೆಯಲ್ಲಿ ಸಿಕ್ಕ ಹಳೆಯವು. ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು, ನಡುವಿನ ಗಾಜಿನಲ್ಲಿ ರೀಲಿನ ಅಂಚು ನೋಡಿ. ನಿಮ್ಮ ಕಡೆ ಮಳೆಗಾಲದಲ್ಲಿ ಗೋಡೆಗೂ ಬೂಷ್ಟು ಬರುತ್ತದೆ, ರೀಲಿಗೂ ಬರುತ್ತದೆ. ಅಂಚಿನ ಮೇಲೆ ಬಿಳಿ ಚುಕ್ಕೆ ಅಥವಾ ಹತ್ತಿಯ ಎಳೆಯ ಹಾಗೆ ಕಂಡರೆ ಅದನ್ನು ಡೆಕ್‌ಗೆ ಹಾಕಲೇಬೇಡಿ. ಬೂಷ್ಟು ಹೆಡ್‌ಗೆ, ರೋಲರ್‌ಗೆ ಹತ್ತಿ, ಮುಂದೆ ಹಾಕುವ ಹೊಸ ಕ್ಯಾಸೆಟ್‌ಗೂ ಹರಡುತ್ತದೆ. ಅದನ್ನು ಬೇರೆ ಕವರಿನಲ್ಲಿ ಕಟ್ಟಿ ಒಣ ಜಾಗದಲ್ಲಿಡಿ, ಶುಚಿ ಮಾಡುವುದು ತಿಳಿದವರಿಗೆ ಕೊಡಿ. ಬೂಷ್ಟು ಇಲ್ಲದವನ್ನು ಫೆಲ್ಟ್ ಗಟ್ಟಿ ಇದೆಯಾ ನೋಡಿ, ಒಮ್ಮೆ ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಓಡಿಸಿ.

ಅವುಗಳ ಮೇಲೆ ರೆಕಾರ್ಡ್ ಮಾಡುವ ಯೋಚನೆ ಮಾತ್ರ ಈಗಲೇ ಬೇಡ. ಆ ಮೂರು ಟಿಡಿಕೆ, ಆ ಸೋನಿ, ಆ ಮೆಲ್‌ಟ್ರ್ಯಾಕ್‌ಗಳನ್ನು ಎರಡೂ ಸೈಡ್ ಪೂರ್ತಿ ಕೇಳಿ. ಲೇಬಲ್ ಖಾಲಿ ಇದ್ದರೂ ಕೇಳಿ, ಸಿನಿಮಾ ಹಾಡು ಅಂತ ಬರೆದಿದ್ದರೂ ಕೇಳಿ. ಹಾಡು ಮುಗಿದ ಮೇಲೆ ಸೈಡಿನ ಕೊನೆಯ ನಾಲ್ಕೈದು ನಿಮಿಷ ಉಳಿದಿರುತ್ತದೆ. ಮನೆಯವರು ಮೈಕ್ ಸಿಕ್ಕಿಸಿ ಸುಮ್ನೆ ಮಾತಾಡಿ ನೋಡುತ್ತಿದ್ದದ್ದು ಅಲ್ಲೇ. ಡೆಕ್ ತಂದ ಹೊಸತರಲ್ಲಿ ನಿಮ್ಮ ತಂದೆಯವರೂ 'ಹಲೋ, ಹಲೋ' ಅಂದಿರಬಹುದು. ಬರೀ ಸಿನಿಮಾ ಹಾಡೇ ಇದ್ದರೆ ಅದರ ಮೇಲೆ ಎಫ್‌ಎಂ ಪರೀಕ್ಷೆ ಮಾಡಿಕೊಳ್ಳಿ. ಮನೆಯವರ ಧ್ವನಿ ಒಂದು ಸಾಲು ಸಿಕ್ಕರೂ ಆ ಕ್ಯಾಸೆಟ್‌ನ ಎರಡೂ ಕಿವಿ ಮುರಿದಿಡಿ. ಅಮ್ಮನ ಹಾಡು ರೆಕಾರ್ಡ್ ಆದ ಪ್ರತಿ ಯುಆರ್-60ಕ್ಕೂ ಅವತ್ತೇ ಹಾಗೇ ಮಾಡಿ. ಹಾಡುವಾಗ ಪಕ್ಕದಲ್ಲಿ ಮೊಬೈಲಿನ ರೆಕಾರ್ಡರ್ ಕೂಡ ಓಡುತ್ತಿರಲಿ.